ಮಾವನವರ ಇನ್ಸುಲಿನ್ ಸೂಜಿಗಳನ್ನು ಮನೆಯಿಂದ ಹೊರಗೆ ಕಳುಹಿಸಿದ್ದು ಹೇಗೆ: ನನ್ನ ಅನುಭವ

ಇಪ್ಪತ್ತಾರು ವರ್ಷ ಶುಶ್ರೂಷಕಿಯಾಗಿ ದುಡಿದ ನನಗೆ, ಬಳಸಿದ ಸೂಜಿ ಯಾವ ಡಬ್ಬಿಗೆ ಬೀಳಬೇಕು ಎಂಬುದು ನಿದ್ದೆಗಣ್ಣಿನಲ್ಲೂ ಗೊತ್ತಿತ್ತು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದ ಮೇಲೆ ನಮ್ಮ ವಾರ್ಡಿನಲ್ಲಿ ರಕ್ತ ಮೆತ್ತಿದ ಹತ್ತಿ ಮತ್ತು ಬ್ಯಾಂಡೇಜು ಹಳದಿ ಚೀಲಕ್ಕೆ, ಸಲೈನ್ ನಳಿಕೆ ಮತ್ತು ಮೂತ್ರದ ಚೀಲ ಕೆಂಪಿಗೆ, ಗಾಜಿನ ಸೀಸೆ ನೀಲಿಗೆ, ಸೂಜಿ ಮತ್ತು ಬ್ಲೇಡು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ ಹೋಗುತ್ತಿದ್ದವು. ತಪ್ಪಿದ ಹೊಸ ಹುಡುಗಿಯರನ್ನು ನಾನೇ ಗದರಿಸುತ್ತಿದ್ದೆ. ಅಂಥ ನಾನು ನಿವೃತ್ತಳಾಗಿ, ಲಕ್ವ ಹೊಡೆದು ಹಾಸಿಗೆ ಹಿಡಿದ ಮಾವನವರ ಆರೈಕೆಗೆ ನಿಂತ ಮೊದಲ ಏಳು ತಿಂಗಳು, ಅವರ ಇನ್ಸುಲಿನ್ ಸಿರಿಂಜುಗಳಿಗೆ ಮುಚ್ಚಳ ಹಾಕಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಅಡುಗೆಮನೆಯ ಕಸದ ಚೀಲದಲ್ಲಿಯೇ ತುರುಕಿ ಕಳುಹಿಸುತ್ತಿದ್ದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ದಿನಕ್ಕೆ ಎರಡು ಇಂಜೆಕ್ಷನ್, ಸಕ್ಕರೆ ನೋಡಲು ಬೆರಳು ಚುಚ್ಚುವ ಲ್ಯಾನ್ಸೆಟ್ ಒಂದು. ತಿಂಗಳಿಗೆ ತೊಂಬತ್ತು ಮೊನೆಗಳು. ಇದರ ಜೊತೆಗೆ ಬೆನ್ನಿನ ಹುಣ್ಣಿನ ಡ್ರೆಸ್ಸಿಂಗ್, ಡೈಪರ್, ಆಗಾಗ ಬದಲಾಯಿಸುವ ಕ್ಯಾಥೆಟರ್, ಅಂದರೆ ಮೂತ್ರ ಇಳಿಸುವ ನಳಿಕೆ, ಮತ್ತು ಮೂತ್ರದ ಚೀಲ. ಆಸ್ಪತ್ರೆಯ ಒಂದು ಹಾಸಿಗೆಯಿಂದ ಹೊರಡುವಷ್ಟೇ ಕಸ ಕಲಬುರಗಿಯ ನಮ್ಮ ಬಡಾವಣೆಯ ಮನೆಯೊಂದರಿಂದ ಹೊರಡುತ್ತಿತ್ತು. ಆದರೆ ಅಲ್ಲಿ ಅದನ್ನು ಒಯ್ಯಲು ಬೇರೆ ಗಾಡಿ ಬರುತ್ತಿತ್ತು, ಇಲ್ಲಿ ಸೊಪ್ಪಿನ ದಂಟು ಒಯ್ಯುವ ಗಾಡಿಯೇ ಅದನ್ನೂ ಒಯ್ಯುತ್ತಿತ್ತು.

ಒಂದು ಬೆಳಿಗ್ಗೆ ಗಾಡಿಯ ಜೊತೆ ಬರುವ ಪೌರಕಾರ್ಮಿಕ ಮಹಿಳೆ ನಮ್ಮ ಚೀಲವನ್ನು ಹಸಿ, ಒಣ ಎಂದು ಬೇರ್ಪಡಿಸಲು ಬಿಚ್ಚಿದವಳು ಥಟ್ಟನೆ ಕೈ ಹಿಂದೆಳೆದುಕೊಂಡಳು. "ಅಕ್ಕಾರ, ಚೀಲದಾಗ ಏನ್ ಇಟ್ಟೀರಿ, ಕೈಗಿ ಚುಚ್ತು ನೋಡ್ರಿ" ಎಂದಳು. ಮುಚ್ಚಳ ಕಳಚಿಕೊಂಡ ಸಿರಿಂಜು ಪತ್ರಿಕೆಯನ್ನೂ ಅವಳ ತೆಳುವಾದ ಕೈಗವಸನ್ನೂ ದಾಟಿ ತೋರುಬೆರಳಿಗೆ ಇಳಿದಿತ್ತು.

ಅವಳು ಬೆರಳನ್ನು ಹಿಂಡಿ ರಕ್ತ ತೆಗೆಯಲು ಹೊರಟಿದ್ದಳು. ಹಿಂಡಬಾರದು, ಬಾಯಲ್ಲಿ ಚೀಪಬಾರದು, ಸ್ಪಿರಿಟ್ ಸುರಿಯಬಾರದು. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆದರೆ ಸಾಕು. ಹಾಗೆ ತೊಳೆಸಿ, ಅದೇ ಗಳಿಗೆಯಲ್ಲಿ ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದೆ. ಎಚ್‌ಐವಿ ತಡೆಯುವ ಔಷಧಿ ಬೇಕಾದರೆ ಅದನ್ನು ಎರಡು ಗಂಟೆಯೊಳಗೆ ಕೊಟ್ಟರೆ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ ಎಂಬುದು ಗೊತ್ತಿದ್ದುದರಿಂದ "ನಾಳೆ ನೋಡೋಣ" ಎನ್ನುವ ಮಾತೇ ಇರಲಿಲ್ಲ. ನಿಜವಾಗಿ ನನ್ನನ್ನು ಹೆದರಿಸಿದ್ದು ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ ಸೋಂಕು. ಸೋಂಕಿತ ರಕ್ತದ ಸೂಜಿ ಚುಚ್ಚಿದಾಗ ಎಚ್‌ಐವಿ ಹರಡುವ ಸಾಧ್ಯತೆ ಸಾವಿರಕ್ಕೆ ಮೂರರಷ್ಟಿದ್ದರೆ, ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ಹರಡುವ ಸಾಧ್ಯತೆ ನೂರಕ್ಕೆ ಮೂವತ್ತರವರೆಗೂ ಇರುತ್ತದೆ, ಮತ್ತು ಅವಳು ಆ ಲಸಿಕೆಯನ್ನು ಪಡೆದೇ ಇರಲಿಲ್ಲ. ಮಾವನವರ ರಕ್ತವನ್ನೂ ಅಂದೇ ಪರೀಕ್ಷೆಗೆ ಕೊಟ್ಟೆವು. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮೂರೂ ಇಲ್ಲವೆಂದು ವರದಿ ಬಂದಾಗ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತವಳು ಸ್ವಲ್ಪ ಹೊತ್ತು ಏಳಲಿಲ್ಲ. ಅವಳಿಗೆ ಟಿಟಿ ಕೊಡಿಸಿ, ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸುಗಳನ್ನು, ಅಂದರೆ ಮೊದಲನೆಯದು, ತಿಂಗಳಿಗೊಂದು, ಆರನೆಯ ತಿಂಗಳಿಗೊಂದು, ಮೂರೂ ಸಲ ನಾನೇ ಜೊತೆಗೆ ಹೋಗಿ ಹಾಕಿಸಿದೆ.

ಆಮೇಲೆ ಡಬ್ಬಿಯ ಹುಡುಕಾಟ ಶುರುವಾಯಿತು. ಮೊದಲು ಕುಡಿಯುವ ನೀರಿನ ಖಾಲಿ ಬಾಟಲಿ ಇಟ್ಟೆ. ಎರಡನೆಯ ವಾರಕ್ಕೆ ಒಂದು ಸೂಜಿ ಅದರ ಪಕ್ಕದಿಂದ ಇಣುಕಿತು. ಬಳಿಕ ಕಬ್ಬಿಣದ ಡಬ್ಬಿಯಲ್ಲಿ ಹಾಕಿ, ವಾರ್ಡಿನ ಅಭ್ಯಾಸದಿಂದ ಬ್ಲೀಚಿಂಗ್ ಪುಡಿಯ ನೀರು ಸುರಿದೆ. ಡಬ್ಬಿ ತುಕ್ಕು ಹಿಡಿಯಿತು, ಬೆಕ್ಕು ಉರುಳಿಸಿದ ದಿನ ಆ ನೀರೆಲ್ಲ ಹಾಸಿಗೆಯ ಕೆಳಗೆ ಹರಿಯಿತು. ಮನೆಯಲ್ಲಿ ಆ ನೀರಿನ ಅಗತ್ಯವೇ ಇಲ್ಲ. ಗಟ್ಟಿಯಾಗಿ ಮುಚ್ಚಿದ ಡಬ್ಬಿಯೇ ಮಾಡಬೇಕಾದ ಕೆಲಸವನ್ನು ಮಾಡುತ್ತದೆ. ಕೊನೆಗೆ ಉಳಿದದ್ದು ಬಟ್ಟೆ ಒಗೆಯುವ ದ್ರವದ ದಪ್ಪ ಪ್ಲಾಸ್ಟಿಕ್ ಬಾಟಲಿ: ತಿರುಗಿಸಿ ಮುಚ್ಚುವ ಬಿರಡೆ, ಸಿರಿಂಜು ಇಳಿಯುವಷ್ಟು ಅಗಲದ ಬಾಯಿ, ಒಳಗಿನಿಂದ ಚುಚ್ಚಿದರೂ ತೂತಾಗದ ಗೋಡೆ.

ಡಬ್ಬಿಗಿಂತ ಅದನ್ನಿಡುವ ಜಾಗ ಮುಖ್ಯವೆಂದು ತಿಳಿದದ್ದು ತಡವಾಗಿ. ಅದು ಬಚ್ಚಲಿನ ಕಪಾಟಿನಲ್ಲಿದ್ದಷ್ಟು ದಿನ, ನಾನಿಲ್ಲದಾಗ ಮಾವನವರನ್ನು ನೋಡಿಕೊಳ್ಳುವ ಹುಡುಗ ಸಿರಿಂಜನ್ನು ಕಿಟಕಿಯ ಮೇಲಿಟ್ಟು ಮರೆಯುತ್ತಿದ್ದ. ಇಂಜೆಕ್ಷನ್ ಕೊಡುವ ಕುರ್ಚಿಯಿಂದ ಕೈ ಚಾಚಿದರೆ ಸಿಗುವಂತೆ, ಆದರೆ ಮೊಮ್ಮಗನ ಕೈಗೆ ಎಟುಕದಂತೆ ಗೋಡೆಯ ಹಲಗೆಯ ಮೇಲೆ ಇಟ್ಟ ದಿನದಿಂದ ಆ ಮರೆವು ನಿಂತಿತು. ಬಳಸಿದ ಸಿರಿಂಜಿಗೆ ಮತ್ತೆ ಮುಚ್ಚಳ ಹಾಕುವುದನ್ನೂ ಬಿಡಿಸಿದೆ, ಏಕೆಂದರೆ ಹೆಚ್ಚಿನವರಿಗೆ ಸ್ವಂತ ಬೆರಳಿಗೆ ಚುಚ್ಚಿಕೊಳ್ಳುವುದು ಆ ಗಳಿಗೆಯಲ್ಲಿಯೇ. ಸೂಜಿ ಬಾಗಿಸುವುದಿಲ್ಲ, ಮುರಿಯುವುದಿಲ್ಲ. ಮುಕ್ಕಾಲು ತುಂಬಿದೊಡನೆ ಬಿರಡೆ ಬಿಗಿದು ಟೇಪು ಸುತ್ತುತ್ತೇವೆ, ಮತ್ತೆ ತೆರೆಯುವುದಿಲ್ಲ.

ಮೊದಲ ಬಾಟಲಿಯ ಮೇಲೆ ಕನ್ನಡದಲ್ಲಿ "ಸೂಜಿಗಳಿವೆ, ತೆರೆಯಬೇಡಿ" ಎಂದು ದಪ್ಪಕ್ಷರದಲ್ಲಿ ಬರೆದು, ಪಕ್ಕದ ಮನೆಯ ಹುಡುಗನಿಂದ ಉರ್ದುವಿನಲ್ಲಿಯೂ ಬರೆಸಿದ್ದೆ. ಅದನ್ನು ನೋಡಿದ ಅದೇ ಪೌರಕಾರ್ಮಿಕ ಮಹಿಳೆ ನಕ್ಕು, "ನಮಗ ಓದಾಕ ಬರಲ್ರಿ ಅಕ್ಕಾರ, ಕೆಂಪು ಪಟ್ಟಿ ಸುತ್ತರಿ, ದೂರದಿಂದನೇ ತಿಳಿತದ" ಎಂದಳು. ಅಂದಿನಿಂದ ಕೆಂಪು ಟೇಪು.

ಈ ಬಾಟಲಿಯನ್ನು ಎಲ್ಲಿಗೆ ಕೊಡುವುದೆಂಬುದು ಇನ್ನೊಂದು ಪಾಡು. ಆಸ್ಪತ್ರೆಗಳಿಗಾಗಿ ಮಾಡಿದ ನಿಯಮಗಳು ಮನೆಯ ಸೂಜಿಯನ್ನೂ ಬೇರೆ ಡಬ್ಬಿಯಲ್ಲಿ ಕಸ ಒಯ್ಯುವವರಿಗೆ ಕೊಡಬೇಕೆನ್ನುತ್ತವೆ. ಅದೇ 2016ರ ಘನತ್ಯಾಜ್ಯ ನಿಯಮಗಳು ಮನೆಯ ಸೂಜಿ, ಸಿರಿಂಜು, ಅವಧಿ ಮೀರಿದ ಔಷಧಿಗಳನ್ನು ಗೃಹ ಅಪಾಯಕಾರಿ ತ್ಯಾಜ್ಯವೆಂದು ಕರೆದು, ಅದಕ್ಕಾಗಿ ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಸಂಗ್ರಹ ಕೇಂದ್ರವಿರಬೇಕೆಂದವು. ಅದಕ್ಕಾಗಿ ಕಾಯುತ್ತ ಕೂರದೆ ನಾನು ಸುಲಭದ ದಾರಿ ಹಿಡಿದೆ. ಮಾವನವರಿಗೆ ಇನ್ಸುಲಿನ್ ಬರೆದುಕೊಡುವ ವೈದ್ಯರ ಚಿಕಿತ್ಸಾಲಯದಲ್ಲಿ ಕೇಳಿದೆ. ಮೊದಲು ಅನುಮಾನಿಸಿದರು, ಅವರ ಚೀಲಗಳಿಗೆಲ್ಲ ಬಾರ್‌ಕೋಡ್ ಇರುತ್ತದೆ, ಲೆಕ್ಕವಿರುತ್ತದೆ, ಹೊರಗಿನ ಕಸ ಸೇರಿಸಲು ಅವರಿಗೆ ಮನಸ್ಸಿರಲಿಲ್ಲ. ತಿಂಗಳಿಗೊಮ್ಮೆ, ಟೇಪು ಸುತ್ತಿದ ಒಂದೇ ಬಾಟಲಿ ತರುತ್ತೇನೆಂದು ಹೇಳಿದ ಮೇಲೆ ಒಪ್ಪಿದರು. ಈ ಒಪ್ಪಂದವನ್ನು ಸಿರಿಂಜು ಕೊಳ್ಳುವ ಮೊದಲ ದಿನವೇ ಮಾಡಿಕೊಂಡಿದ್ದರೆ ಒಬ್ಬಳ ಬೆರಳು ಉಳಿಯುತ್ತಿತ್ತು.

ಡೈಪರ್ ಮತ್ತು ಡ್ರೆಸ್ಸಿಂಗಿನ ತೊಂದರೆ ನಮ್ಮ ಊರಿನ ಬಿಸಿಲಿನಿಂದ ಹೆಚ್ಚುತ್ತದೆ. ಮೇ ತಿಂಗಳಲ್ಲಿ 42, 43 ಡಿಗ್ರಿ ಸುಡುವಾಗ ಹುಣ್ಣಿನ ಹತ್ತಿಯನ್ನು ಒಂದು ರಾತ್ರಿ ಇಟ್ಟರೂ ಮನೆ ನಾರುತ್ತದೆ, ಹೊರಗಿಟ್ಟರೆ ನಾಯಿ, ಹಂದಿಗಳು ಎಳೆದಾಡುತ್ತವೆ. ಈ ಕಿರಿಕಿರಿಗೆ ಬೇಸತ್ತು ಮಾವನವರನ್ನು ನೋಡಿಕೊಳ್ಳುವ ಹುಡುಗ ಒಮ್ಮೆ ಮೂತ್ರದ ಚೀಲವನ್ನು ಖಾಲಿ ನಿವೇಶನದಲ್ಲಿ ಸುಟ್ಟುಬಿಟ್ಟಿದ್ದ. ಆ ಚೀಲದ ಪಿವಿಸಿ ಪ್ಲಾಸ್ಟಿಕ್ ಸುಟ್ಟಾಗ ಡಯಾಕ್ಸಿನ್‌ನಂಥ ವಿಷ ಹುಟ್ಟುತ್ತದೆಂದು ಅವನಿಗೆ ತಿಳಿಸಿ ಹೇಳಿದೆ, ಬೈಯಲಿಲ್ಲ. ಈಗ ಮೂತ್ರವನ್ನು ಶೌಚಾಲಯಕ್ಕೆ ಸುರಿದು, ಚೀಲ ತೊಳೆದು, ಗಂಟು ಹಾಕುತ್ತೇವೆ. ಡೈಪರಿನ ಮಲವನ್ನು ಶೌಚಾಲಯಕ್ಕೆ ಜಾರಿಸಿ, ಒಳಮುಖವಾಗಿ ಸುರುಳಿ ಸುತ್ತಿ, ಪತ್ರಿಕೆಯಲ್ಲಿ ಕಟ್ಟಿ ಅದಕ್ಕೂ ಕೆಂಪು ಗುರುತು ಹಾಕುತ್ತೇವೆ. ಡೈಪರ್ ತಯಾರಕರು ಸುತ್ತಲು ಚೀಲವನ್ನೂ ಕೊಡಬೇಕೆಂದು 2016ರ ನಿಯಮಗಳಲ್ಲಿತ್ತು. ನಾನು ಕೊಂಡ ಯಾವ ಪೊಟ್ಟಣದಲ್ಲಿಯೂ ಅದು ಸಿಗಲಿಲ್ಲ.

ಹಳೆಯ ನಿಯಮದಲ್ಲಿ ಸುತ್ತಿದ ಡೈಪರ್ ಒಣ ಕಸದ ಬುಟ್ಟಿಗೆ ಹೋಗುತ್ತಿತ್ತು, ಅಂದರೆ ರಟ್ಟು, ಬಾಟಲಿ ಆರಿಸುವವರ ಕೈಗೇ ಅದು ಸಿಗುತ್ತಿತ್ತು. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಘನತ್ಯಾಜ್ಯ ನಿಯಮಗಳು ಕಸವನ್ನು ಹಸಿ, ಒಣ, ಸ್ಯಾನಿಟರಿ, ವಿಶೇಷ ಕಾಳಜಿಯ ಕಸ ಎಂದು ನಾಲ್ಕಾಗಿ ಒಡೆದಿವೆ. ಡೈಪರಿಗೆ ಅದರದೇ ಬುಟ್ಟಿಯಾಯಿತು, ಬಲ್ಬು, ಬಣ್ಣದ ಡಬ್ಬಿ, ಪಾದರಸದ ಥರ್ಮಾಮೀಟರ್, ಉಳಿದ ಔಷಧಿಗಳಿಗೆ ಇನ್ನೊಂದು. ಕೋವಿಡ್ ಕಾಲದಲ್ಲಿ, ದೇಶದ ಮೊದಲ ಸಾವು ನಮ್ಮ ಊರಿನದೇ ಆಗಿದ್ದ 2020ರ ಮಾರ್ಚ್ ನಂತರ, ರೋಗಿಯಿದ್ದ ಮನೆಯ ಕಸಕ್ಕೆ ಹಳದಿ ಚೀಲವೆಂದು ಮಾರ್ಗಸೂಚಿ ಬಂದಿತ್ತು. ಮನೆಯಲ್ಲಿಯೂ ಆಸ್ಪತ್ರೆಯ ಕಸ ಹುಟ್ಟುತ್ತದೆಂದು ಆಗ ಎಲ್ಲರೂ ಒಪ್ಪಿದ್ದರು, ಬಳಿಕ ಮರೆತರು.

ಸ್ಯಾನಿಟರಿ ಬುಟ್ಟಿಯೊಂದನ್ನು ಮನೆಯ ಹಿಂಬಾಗಿಲ ನೆರಳಿನಲ್ಲಿ, ಮುಚ್ಚಳದ ಮೇಲೆ ಕಲ್ಲು ಹೇರಿ ಇಟ್ಟಿದ್ದೇವೆ. ಬೇಸಿಗೆಯಲ್ಲಿ ಗಾಡಿ ಆರೂವರೆಗೇ ಬರುವುದರಿಂದ ಡ್ರೆಸ್ಸಿಂಗ್ ಬದಲಾಯಿಸುವುದನ್ನು ರಾತ್ರಿಯಿಂದ ಬೆಳಗಿನ ಐದಕ್ಕೆ ಸರಿಸಿದ್ದೇನೆ. ಮಾವನವರು ಮೊದಮೊದಲು ಗೊಣಗಿದರು, ಈಗ ಗಾಡಿಯ ಹಾಡು ಕೇಳಿದೊಡನೆ ಮಲಗಿದಲ್ಲಿಂದಲೇ "ಬಂತು ನೋಡವ್ವಾ" ಎಂದು ಅವರೇ ಕೂಗುತ್ತಾರೆ.