ಮೈ ಜುಮ್ಮೆನ್ನುವ ಜಾಗ: ಭಜನೆಯ ಮೇಳ ಹೊಂದಿಸುವ ಬಗೆ

ಭಜನೆಯಲ್ಲಿ ಮೈನವಿರೇಳುವುದು ಗದ್ದಲ ಹೆಚ್ಚಿದಾಗ ಅಲ್ಲ, ಒಬ್ಬರ ದನಿ ಹತ್ತು ಜನರ ದನಿಯಾಗುವ ಆ ಒಂದು ಮಾತ್ರೆಯಲ್ಲಿ, ಅಂದರೆ ಲಯದ ಒಂದು ಎಣಿಕೆಯಲ್ಲಿ. ಮೇಳ ಕೂಡಿಸುವಾಗ ಉಳಿದದ್ದನ್ನೆಲ್ಲ ನಾನು ಆ ಮಾತ್ರೆಗಾಗಿಯೇ ಹೊಂದಿಸುತ್ತೇನೆ.

ಮೊದಲು ಲೆಕ್ಕ. ಒಂದೇ ಗಟ್ಟಿಯ ದನಿಗಳು ಎರಡಾದರೆ ಶಬ್ದದ ಮಟ್ಟ 3 ಡೆಸಿಬೆಲ್ ಏರುತ್ತದೆ, 12 ಆದರೆ ಹತ್ತಿರಹತ್ತಿರ 11. ಕಿವಿಗೆ ಅದು ಇಮ್ಮಡಿ ಗಟ್ಟಿಯಾದಂತೆ ಕೇಳುತ್ತದೆ. ಆದರೆ 12 ಜನ ಹಾಡುತ್ತಿರುವಲ್ಲಿಗೆ ಮತ್ತೆ 12 ಜನ ಬಂದು ಕೂತರೂ ಹೆಚ್ಚುವುದು ಅದೇ 3. ಮೊದಲ ಸಾಲಿನಿಂದಲೇ ಎಲ್ಲರೂ ಗಂಟಲು ಬಿಟ್ಟರೆ ಮೇಲೆ ಏರಲು ಜಾಗವೇ ಇರುವುದಿಲ್ಲ. ಹಾಗಾಗಿ ನುಡಿ (ಪದದ ಒಂದೊಂದು ಚರಣ) ಮುಂದಾಳಿನದು, ಪಲ್ಲ (ಮತ್ತೆ ಮತ್ತೆ ಬರುವ ಪಲ್ಲವಿ) ಮಾತ್ರ ಹಿಮ್ಮೇಳದ್ದು. ಮೊದಲೆರಡು ಸಲ ಅದನ್ನೂ ಅರ್ಧ ದನಿಯಲ್ಲೇ ಹಾಡಿಸುತ್ತೇನೆ.

ಶ್ರುತಿಯನ್ನು ಮುಂದಾಳಿನ ಗಂಟಲಿಗೆ ಇಡಬಾರದು. (ಮುಂದಾಳುಗಳಿಗೆ ಈ ಮಾತು ಹಿಡಿಸುವುದಿಲ್ಲ.) ಪಲ್ಲದ ಅತಿ ಎತ್ತರದ ಸ್ವರವನ್ನು ಹಿಮ್ಮೇಳದ ಕೈಲಿ ಹಾಡಿಸಿ ನೋಡಬೇಕು. ಕರಿ ಒಂದರಲ್ಲಿ (ಪೇಟಿಯ, ಅಂದರೆ ಹಾರ್ಮೋನಿಯಂನ, ಮೊದಲ ಕಪ್ಪು ಮನೆಯನ್ನು ಷಡ್ಜ ಮಾಡಿಕೊಂಡರೆ) ಗಂಡಸರ ಗುಂಪು ತಾರಷಡ್ಜವನ್ನು, ಅಂದರೆ ಮೇಲಿನ ಸಾ ಸ್ವರವನ್ನು, ನಿರಾಳವಾಗಿ ಹಿಡಿಯುತ್ತದೆ. ಇನ್ನೂ ಮೇಲಿನ ಗಾ, ಅಂದರೆ ತಾರ ಗಾಂಧಾರಕ್ಕೆ ಹೋದರೆ ಅರ್ಧ ಜನ ಕಿರುಚುತ್ತಾರೆ, ಉಳಿದವರು ಬಾಯಿ ಆಡಿಸುತ್ತಾರೆ ಅಷ್ಟೆ. ಆಗ ಒಂದೆರಡು ಮನೆ ಕೆಳಗಿಳಿಸುವುದೇ ಸರಿ. ತಬಲಾವನ್ನು ಅದೇ ಷಡ್ಜಕ್ಕೆ ಕೂಡಿಸಿ. ಪೇಟಿ ಒಂದೇ ಸಾಕು. ಎರಡು ಪೇಟಿಗಳಲ್ಲಿ ಒಂದು 277, ಇನ್ನೊಂದು 280 ಹರ್ಟ್ಜ್ ನುಡಿದರೆ ಸೆಕೆಂಡಿಗೆ 3 ಸಲ ನಾದ ಅಲುಗುತ್ತದೆ, ಹಾಡುವವರಿಗೆ ಆಧಾರ ಸಿಗುವುದಿಲ್ಲ. ದನಿಗಳ ಮಾತು ಬೇರೆ: 12 ಗಂಟಲುಗಳ ಸಣ್ಣ ಸಣ್ಣ ವ್ಯತ್ಯಾಸ ಒಂದರೊಳಗೊಂದು ಕರಗಿ ದನಿಗೆ ದಪ್ಪ ಬರುತ್ತದೆ.

ಇನ್ನು ಆ ಜಾಗ. ತತ್ವಪದ, ದಾಸರ ಪದ ಎರಡರಲ್ಲೂ ಕೊನೆಯ ನುಡಿಯಲ್ಲಿ ಅಂಕಿತ ಬರುತ್ತದೆ. ಶಿಶುನಾಳಾಧೀಶನೋ ಪುರಂದರವಿಠಲನೋ, ಬರಲಿದೆ ಎಂಬುದು ಕೂತವರಿಗೆಲ್ಲ ಗೊತ್ತು. ಕೆಹರವಾ ಠೇಕಾ (ಎಂಟು ಮಾತ್ರೆಯ ತಬಲಾ ನಡೆ) ನಿಮಿಷಕ್ಕೆ ಸುಮಾರು 72 ಮಾತ್ರೆಯಲ್ಲಿ ಶುರುವಾಗಿ ಮೂರನೇ ನುಡಿಯ ಹೊತ್ತಿಗೆ 90ಕ್ಕೆ ಬಂದಿರುತ್ತದೆ. ಅಂಕಿತದ ಸಾಲಿಗೆ ತಬಲಾ, ತಾಳ (ಕೈಯಲ್ಲಿ ಹಿಡಿದು ಬಡಿಯುವ ಜೋಡಿ ತಾಳ) ಎರಡನ್ನೂ ನಿಲ್ಲಿಸಿ, ಪೇಟಿಯಲ್ಲಿ ಸಾ-ಪಾ ಮಾತ್ರ ಹಿಡಿದು, ಮುಂದಾಳು ಒಬ್ಬರೇ ಮತ್ತೆ 72ರ ನಡೆಯಲ್ಲಿ ಹಾಡಬೇಕು. ಸಾಲು ಮುಗಿದ ಮೇಲೆ ನಾಲ್ಕು ಮಾತ್ರೆ ಮೌನ, ಅಂದರೆ ಮೂರು ಸೆಕೆಂಡಿಗೆ ತುಸು ಹೆಚ್ಚು. ಅದಕ್ಕಿಂತ ಎಳೆದರೆ ಯಾರೋ ಕೆಮ್ಮುತ್ತಾರೆ, ಹಿಡಿತ ಹೋಯಿತು. ಮೂರನೇ ಮಾತ್ರೆಗೆ ಮುಂದಾಳು ಕೈಯೆತ್ತಬೇಕು. ಅದನ್ನು ನೋಡಿ ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಳ್ಳಬೇಕು. ನಂತರ ಸಮ್‌ಗೆ (ಠೇಕಾದ ಸುತ್ತಿನ ಮೊದಲ ಮಾತ್ರೆಗೆ) ಪಲ್ಲ, ತಬಲಾ, ತಾಳ ಎಲ್ಲ ಒಮ್ಮೆಲೇ. ಹೆಚ್ಚಾಗಿ ಕೆಡುವುದು ಈ ಉಸಿರಿನಲ್ಲೇ. ಇಬ್ಬರು ಮುಂಚೆ, ಮೂವರು ತಡವಾಗಿ ಎದ್ದರೆ ಗೋಡೆಯಂತೆ ಬರಬೇಕಾದ ದನಿ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ, ಒಂದು ಕೂದಲೂ ನಿಮಿರುವುದಿಲ್ಲ.

ಕೂದಲ ಬುಡದ ಪುಟ್ಟ ಸ್ನಾಯುವನ್ನು ಬಿಗಿಯುವ ನರವ್ಯೂಹ ನಮ್ಮ ಮಾತು ಕೇಳುವಂಥದ್ದಲ್ಲ. ಚಳಿಗೆ, ಹೆದರಿಕೆಗೆ ಏಳುವುದೂ ಅದೇ. ಭರತನ ನಾಟ್ಯಶಾಸ್ತ್ರ ರೋಮಾಂಚವನ್ನು ಎಂಟು ಸಾತ್ತ್ವಿಕ ಭಾವಗಳಲ್ಲಿ ಎಣಿಸಿದೆ. 2011ರಲ್ಲಿ ಮಾಂಟ್ರಿಯಲ್‌ನ ಸಂಶೋಧಕರು, ಕೇಳುಗರು ತಾವೇ ಆರಿಸಿ ತಂದ ಸಂಗೀತ ಕೇಳಿಸಿ ಮಿದುಳನ್ನು ಪರೀಕ್ಷಿಸಿದರು. ಮೈ ಜುಮ್ಮೆನ್ನುವ ಘಳಿಗೆಯಲ್ಲಿ ಡೋಪಮಿನ್ ಒಂದು ಭಾಗದಲ್ಲಿ ಒಸರಿದರೆ, ಅದಕ್ಕೆ ಕಾಯುವ ಹೊತ್ತಿನಲ್ಲೇ ಇನ್ನೊಂದು ಭಾಗದಲ್ಲಿ ಒಸರಿತ್ತು. ನಾಲ್ಕು ಮಾತ್ರೆಯ ಮೌನ ಮಾಡುವ ಕೆಲಸ ಅದೇ ಎಂದು ನನ್ನ ಎಣಿಕೆ. ಹೊಸ ಪದದಲ್ಲಿ ಇದು ನಡೆಯದಿರುವುದಕ್ಕೂ ಕಾರಣ ಅಲ್ಲೇ ಇದೆ: ಏನು ಬರಲಿದೆ ಎಂದು ಗೊತ್ತಿಲ್ಲದವರು ಯಾವುದಕ್ಕೆ ಕಾಯಬೇಕು?

ಮೈಕ್ ಮುಂದಾಳಿಗೊಂದೇ ಸಾಕು. ಕಲ್ಲಿನ ಗುಡಿಯಲ್ಲಿ ಹಿಮ್ಮೇಳಕ್ಕೆ ಬೇಡವೇ ಬೇಡ. ಬಯಲಾದರೆ ಮೂರಡಿ ದೂರಕ್ಕೆ ಎರಡು ಇಡಿ, ದನಿ ಏರಿದಾಗ ತಾನೇ ತಗ್ಗಿಸುವ ಲಿಮಿಟರ್ ಇದ್ದರೆ ತೆಗೆಸಿ. ಎಕೋ ಗುಂಡಿಯನ್ನು ಮುಟ್ಟದಂತೆ ಸೌಂಡ್‌ನವರ ಪಕ್ಕದಲ್ಲಿ ಒಬ್ಬರನ್ನು ಕೂರಿಸುವುದೂ ಒಳ್ಳೆಯದೇ. ತಾಳ ಎರಡು ಜೋಡಿ ಮೀರಿದರೆ ಅಕ್ಷರಗಳು ಮುಚ್ಚಿಹೋಗುತ್ತವೆ.

ದಿಂಡಿ (ಭಜನೆಯ ಮೆರವಣಿಗೆ) ಹೊರಟಾಗ ಇನ್ನೊಂದು ತೊಡಕು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 34 ಮೀಟರ್ ಉದ್ದದ ಸಾಲಿನಲ್ಲಿ ಮುಂದಿನ ತಾಳ ಹಿಂದಿನವರನ್ನು ಮುಟ್ಟುವುದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ. ಲಯ ನಿಮಿಷಕ್ಕೆ 120 ಮಾತ್ರೆ ಇದ್ದರೆ ಅದು ಮಾತ್ರೆಯ ಐದನೇ ಒಂದು ಪಾಲು. ಮೃದಂಗ ಮತ್ತು ತಾಳದವರನ್ನು ನಡುವೆ ನಡೆಸಿದರೆ ಈ ಅಂತರ ಅರ್ಧಕ್ಕಿಳಿಯುತ್ತದೆ. ಮೌನದ ಪ್ರಯೋಗವನ್ನು ಮಾತ್ರ ನಡೆಯುತ್ತಾ ಮಾಡಬೇಡಿ, ಗುಡಿಯ ಮುಂದೆ ಎಲ್ಲರೂ ನಿಂತು ಸುತ್ತುಗಟ್ಟಿದ ಮೇಲೆ ಮಾಡಿ. ಅದೂ ರಾತ್ರಿಗೆ ಒಂದು ಪದಕ್ಕೆ, ಹೆಚ್ಚೆಂದರೆ ಎರಡಕ್ಕೆ.