ಉರಿಯುವ ಡ್ರಾಪ್ಸ್ ಬಿಡದೆ ಹಾಕಿಕೊಂಡಿದ್ದು

ಮೈಸೂರಿನಲ್ಲಿ ಡಿಟಿಪಿ ಕೆಲಸ ನನ್ನದು. ಮದುವೆ ಸೀಸನ್ ಬಂತೆಂದರೆ ಲಗ್ನಪತ್ರಿಕೆ, ಪ್ರೂಫ್, ಮತ್ತೆ ಲಗ್ನಪತ್ರಿಕೆ. ಸಂಜೆ ಹೊತ್ತಿಗೆ ಕಣ್ಣೊಳಗೆ ಮರಳು ಬಿದ್ದ ಹಾಗೆ. ಜೊತೆಗೆ ನೀರು ಬೇರೆ ಸುರಿಯುತ್ತಿತ್ತು. ಕಣ್ಣು ಒಣಗಿದ್ದಕ್ಕೇ ಈ ನೀರು ಅಂದರು ಡಾಕ್ಟರು. ಒಣಗಿದ ಕಡೆ ಉರಿ ಹುಟ್ಟುತ್ತದೆ, ಆ ಉರಿಗೆ ಕಣ್ಣು ಒಮ್ಮೆಲೇ ನೀರು ಬಿಡುತ್ತದೆ. ಅದು ಕಣ್ಣಲ್ಲಿ ನಿಲ್ಲದೆ ಕೆನ್ನೆಗಿಳಿಯುತ್ತದೆ, ಅಷ್ಟೇ.

ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಕೂರಿಸಿದರು. ಶಿರ್ಮರ್ ಟೆಸ್ಟ್ ಅಂತೆ. 10 ಮಿಲಿಮೀಟರಿಗಿಂತ ಕಡಿಮೆ ನೆನೆದರೆ ಕಣ್ಣೀರು ಸಾಲದು ಎಂದು ಲೆಕ್ಕ. ನನ್ನ ಪಟ್ಟಿ ಅದರ ಹತ್ತಿರಕ್ಕೂ ಬರಲಿಲ್ಲ.

ಮೊದಲು ಕೃತಕ ಕಣ್ಣೀರಿನ ಹನಿ ಬರೆದುಕೊಟ್ಟರು. ಹಾಕಿದಾಗ ಹಾಯೆನಿಸುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತದೇ ಕಥೆ. ಆಮೇಲೆ ಬಂದಿದ್ದು ಸೈಕ್ಲೋಸ್ಪೊರಿನ್, 0.05 ಪರ್ಸೆಂಟ್, ಬೆಳಗ್ಗೆ ರಾತ್ರಿ ಒಂದೊಂದು ಹನಿ. ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಕೊಡುವ ಔಷಧಿಯೇ ಇದು. ಕಣ್ಣಲ್ಲಿ ಉರಿಯೂತ ಇಳಿಸಿ, ಕಣ್ಣೀರಿನ ಗ್ರಂಥಿ ಮತ್ತೆ ಕೆಲಸ ಮಾಡುವ ಹಾಗೆ ಮಾಡುತ್ತದೆ. ಆದರೆ ಹಾಕಿದ ತಕ್ಷಣ ಚುರ್ರ್ ಅನ್ನುತ್ತದೆ. ಗುಣ ಕಾಣಲು ತಿಂಗಳುಗಳೇ ಬೇಕು. ಎಷ್ಟೋ ಜನ ಬಿಡುವುದು ಇಲ್ಲೇ. "ಉರಿಯೋ ಔಷಧಿ ಯಾಕಮ್ಮ, ಸುಮ್ನೆ ಪನ್ನೀರು ಬಿಟ್ಕೊ" ಅಂದರು ನಮ್ಮತ್ತೆ. ನಾನು ಬಿಟ್ಟುಕೊಳ್ಳಲಿಲ್ಲ. ಅದು ಕಣ್ಣಿಗೆಂದು ಶುದ್ಧ ಮಾಡಿದ ನೀರಲ್ಲವಲ್ಲ.

ಹಾಕುವ ಕ್ರಮದಲ್ಲೇ ಅರ್ಧ ಕೆಲಸ ಇದೆ. ಕೈ ತೊಳೆದು, ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆ ಎಳೆದು ಒಂದೇ ಹನಿ. ಎರಡು ಹಾಕಿದರೆ ಜಾಸ್ತಿಯಾದದ್ದು ಹೊರಗೇ ಹೋಗುತ್ತದೆ. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿಕೊಳ್ಳುತ್ತೇನೆ. ಇಲ್ಲದಿದ್ದರೆ ಔಷಧಿ ಗಂಟಲಿಗಿಳಿದು ಬಾಯಿ ಕಹಿಯಾಗುತ್ತದೆ. ಕೃತಕ ಕಣ್ಣೀರಿಗೂ ಇದಕ್ಕೂ ನಡುವೆ 15 ನಿಮಿಷ ಬಿಡುತ್ತೇನೆ. ದಿನಕ್ಕೆ 4 ಸಲಕ್ಕಿಂತ ಜಾಸ್ತಿ ಕೃತಕ ಕಣ್ಣೀರು ಬೇಕಾದರೆ ಪ್ರಿಸರ್ವೇಟಿವ್ ಇಲ್ಲದ್ದೇ ವಾಸಿ. ಔಷಧಿ ಕೆಡದಿರಲೆಂದು ಬಾಟಲಿಗಳಿಗೆ ಹಾಕುವ ಬೆಂಜಾಲ್ಕೋನಿಯಂ ಕ್ಲೋರೈಡ್ ಒಣಗಿದ ಕಣ್ಣನ್ನು ಇನ್ನಷ್ಟು ಕೆರಳಿಸುತ್ತದೆ. ಪ್ರಿಸರ್ವೇಟಿವ್ ಇಲ್ಲದ್ದಕ್ಕೆ ಬೆಲೆ ಹೆಚ್ಚು, ನಿಜ.

ಉರಿ ನಿಧಾನಕ್ಕೆ ಕಡಿಮೆಯಾಯಿತು. ಸಂಜೆಯ ಪ್ರೂಫನ್ನು ಕಣ್ಣುಜ್ಜದೆ ಓದುವುದಕ್ಕೆ ಮಾತ್ರ ಒಂದು ಮದುವೆ ಸೀಸನ್ನೇ ಕಳೆಯಬೇಕಾಯಿತು.

ಇನ್ನೊಂದು ಮಾತು. ಮೆಡಿಕಲ್ ಸ್ಟೋರಿಗೆ ಹೋಗಿ "ಕಣ್ಣು ಕೆಂಪಾಗಿದೆ, ಏನಾದ್ರೂ ಕೊಡಿ" ಅನ್ನಬೇಡಿ. ಕೆಂಪು ತೆಗೆಯುವ ಕೆಲವು ಹನಿಗಳು ರಕ್ತನಾಳಗಳನ್ನು ಬಿಗಿಸುತ್ತವೆ ಅಷ್ಟೇ, ನಿಲ್ಲಿಸಿದರೆ ಕೆಂಪು ಇನ್ನೂ ಜೋರಾಗಿ ಬರಬಹುದು. ಸ್ಟೀರಾಯ್ಡ್ ಹನಿಯನ್ನಂತೂ ಹಳೇ ಚೀಟಿ ತೋರಿಸಿ ತರಲೇಬಾರದು. ಅದರಿಂದ ಕಣ್ಣಿನೊಳಗಿನ ಒತ್ತಡ ಏರಬಹುದು, ಏರಿದ್ದು ನಮಗೆ ಗೊತ್ತೇ ಆಗುವುದಿಲ್ಲ. ನೆಗಡಿಗೆಂದು ನುಂಗುವ ಸೆಟಿರಿಜಿನ್ ಕೂಡ ಕಣ್ಣು ಒಣಗಿಸಬಹುದು, ಡಾಕ್ಟರಿಗೆ ಅದನ್ನೂ ಹೇಳಿ.

ಅಂಗಡಿಯಲ್ಲಿ ಟೇಬಲ್ ಫ್ಯಾನನ್ನು ಕಾಲಿನ ಕಡೆಗೆ ತಿರುಗಿಸಿದ್ದೇನೆ. ಮಾನಿಟರ್ ಸ್ವಲ್ಪ ಕೆಳಗಿಳಿಸಿದ್ದೇನೆ. ಕೆಳಗೆ ನೋಡುವಾಗ ರೆಪ್ಪೆ ಅಷ್ಟು ಅಗಲ ತೆರೆಯುವುದಿಲ್ಲ, ಕಣ್ಣು ಬೇಗ ಒಣಗುವುದೂ ಇಲ್ಲ. ಇದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ.