ಹೊರಡುವ ಟಪಾಲಿನ ಫೋಲ್ಡರು: ನನ್ನ ಅನುಭವ

ಮಂಗಳೂರಿನ ಕದ್ರಿಯ ಮನೆಯಲ್ಲಿ ಹಳೆಯ ಕಂಪ್ಯೂಟರೊಂದರ ಮೇಲೆ ನಾನು ಹವ್ಯಾಸಕ್ಕೆಂದು ಬುಲೆಟಿನ್ ಬೋರ್ಡ್, ಅಂದರೆ ಬೇರೆಯವರು ತಮ್ಮ ಕಂಪ್ಯೂಟರಿನಿಂದ ಸಂಪರ್ಕಿಸಿ ಕಾಗದ ಬರೆದು ಓದುವ ತಾಣ, ನಡೆಸುತ್ತೇನೆ. ಉಡುಪಿಯಲ್ಲಿರುವ ಗೆಳೆಯನೂ ಒಂದನ್ನು ನಡೆಸುತ್ತಾನೆ. ಇಂಥ ಬೋರ್ಡುಗಳ ನಡುವೆ ಟಪಾಲು ಸಾಗಿಸಲು 1984ರಲ್ಲಿ ಟಾಮ್ ಜೆನ್ನಿಂಗ್ಸ್ ಆರಂಭಿಸಿದ ಫಿಡೋನೆಟ್‌ನಲ್ಲಿ ಬೆಳೆದು ಬಂದ ವಲಯ, ನೆಟ್ (ವಲಯದೊಳಗಿನ ಗುಂಪು), ನೋಡ್ (ಒಂದೊಂದು ಯಂತ್ರ) ಎಂಬ ವಿಳಾಸ ಪದ್ಧತಿಯನ್ನೇ ನಮ್ಮಿಬ್ಬರ ಪುಟ್ಟ ಖಾಸಗಿ ಜಾಲಕ್ಕೂ ಇಟ್ಟುಕೊಂಡೆವು. ವಲಯಕ್ಕೆ 77 ಎಂಬ ಸಂಖ್ಯೆಯನ್ನು ಇಷ್ಟಬಂದಂತೆ ಆರಿಸಿ, ನೆಟ್ ಸಂಖ್ಯೆಗೆ ಊರಿನ ಎಸ್‌ಟಿಡಿ ಕೋಡನ್ನೇ ತೆಗೆದುಕೊಂಡೆವು. ಹಾಗಾಗಿ ನಾನು 77:824/2, ಅವನು 77:820/1.

ಕಾಗದಗಳನ್ನು ಕಟ್ಟು ಕಟ್ಟುವುದು ಟಾಸರ್ ಎಂಬ ಪ್ರೋಗ್ರಾಮಿನ ಕೆಲಸ, ಕಟ್ಟನ್ನು ಸಾಗಿಸುವುದು ಮೇಲರ್‌ನ ಕೆಲಸ. ನನ್ನಲ್ಲಿ ಮೊದಲನೆಯದಕ್ಕೆ ಹಸ್ಕಿಯ ಎಚ್‌ಪಿಟಿ, ಎರಡನೆಯದಕ್ಕೆ ಬಿಂಕ್‌ಡಿ ಇವೆ. ಇವೆರಡೂ ಒಂದರೊಡನೊಂದು ಮಾತಾಡುವುದಿಲ್ಲ. ನಡುವೆ ಇರುವುದು 'ಔಟ್‌ಬೌಂಡ್' ಎಂಬ ಒಂದು ಫೋಲ್ಡರ್ ಮಾತ್ರ. ಡೇಟಾಬೇಸ್ ಇಲ್ಲ, ಪ್ರತ್ಯೇಕ ಸೂಚಿಯಿಲ್ಲ. ಟಪಾಲು ಯಾರಿಗೆ, ಎಷ್ಟು ಅವಸರದ್ದು ಎಂಬುದೆಲ್ಲ ಕಡತದ ಹೆಸರಿನಲ್ಲೇ ಅಡಗಿದೆ. ಡಾಸ್ ಕಾಲದ ಬಿಂಕ್ಲಿಟರ್ಮ್ ಮೇಲರ್‌ನ ಹೆಸರಿನಿಂದ ಗುರುತಿಸಲ್ಪಡುವ ಪದ್ಧತಿ ಇದಾದ್ದರಿಂದ, ಹೆಸರಿಗೆ ಎಂಟು ಅಕ್ಷರ, ಎಕ್ಸ್‌ಟೆನ್ಶನ್‌ಗೆ ಮೂರು ಎಂಬ ಅಂದಿನ ಮಿತಿಯೊಳಗೇ ಎಲ್ಲವನ್ನೂ ತುರುಕಿದ್ದಾರೆ. ಮೊದಲ ನಾಲ್ಕು ಅಂಕೆಗಳು ನೆಟ್, ಮುಂದಿನ ನಾಲ್ಕು ನೋಡ್, ಎರಡೂ ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಆಧಾರದ ಎಣಿಕೆಯಲ್ಲಿ. 820 ಎಂಬುದು ಹೆಕ್ಸಾದಲ್ಲಿ 334. ಆದ್ದರಿಂದ ಉಡುಪಿಯ ಟಪಾಲಿನ ಕಡತದ ಹೆಸರು 03340001.

ಎಕ್ಸ್‌ಟೆನ್ಶನ್ ಯುಟಿ ಎಂದು ಮುಗಿದರೆ ಆ ಕಡತವೇ ಪ್ಯಾಕೆಟ್, ಕಾಗದಗಳು ಅದರೊಳಗೇ ಇವೆ. ಎಲ್‌ಒ ಎಂದು ಮುಗಿದರೆ ಅದು ಕಳುಹಿಸಬೇಕಾದ ಕಡತಗಳ ಪಟ್ಟಿ, ಅಂದರೆ ಫ್ಲೋ ಕಡತ. ಎಕ್ಸ್‌ಟೆನ್ಶನ್ನಿನ ಮೊದಲ ಅಕ್ಷರ ಅವಸರವನ್ನು ಹೇಳುತ್ತದೆ: ಐ ಎಂದರೆ ಈ ಕ್ಷಣವೇ, ಸಿ ಎಂದರೆ ಕ್ರ್ಯಾಶ್ (ತುರ್ತು), ಡಿ ಎಂದರೆ ಡೈರೆಕ್ಟ್ (ನೇರವಾಗಿ), ಎಚ್ ಎಂದರೆ ಹೋಲ್ಡ್ (ನಾವಾಗಿ ಕರೆ ಮಾಡದೆ, ಆಚೆಯವರು ಬರುವವರೆಗೆ ಇಟ್ಟುಕೊಳ್ಳುವುದು). ಸಾಮಾನ್ಯ ಟಪಾಲಿಗೆ ಮಾತ್ರ ಪ್ಯಾಕೆಟ್ ಆದರೆ ಒ, ಪಟ್ಟಿಯಾದರೆ ಎಫ್. ಔಟ್, ಫ್ಲೋ ಎಂದು ಓದಿಕೊಂಡರೆ ಮರೆಯುವುದಿಲ್ಲ.

ಗೆಳೆಯನ ಇಂಟರ್ನೆಟ್ ಸಂಪರ್ಕಕ್ಕೆ ಸ್ವಂತ ಸಾರ್ವಜನಿಕ ಐಪಿ ವಿಳಾಸವಿಲ್ಲದ ಕಾರಣ, ಬಿಂಕ್‌ಡಿ ಮಾತಾಡುವ ಬಿಂಕ್‌ಪಿ ಎಂಬ ಪ್ರೋಟೋಕಾಲಿನ 24554ನೇ ಪೋರ್ಟಿಗೆ ಹೊರಗಿನಿಂದ ಯಾವ ಕರೆಯೂ ತಲುಪುವುದಿಲ್ಲ. ಇದನ್ನು ಯೋಚಿಸದೆ ಮೊದಲ ವಾರ ಅವನ ಟಪಾಲನ್ನು ಸಾಮಾನ್ಯ ದರ್ಜೆಯಲ್ಲಿ ಇಟ್ಟಿದ್ದೆ. ಬಿಂಕ್‌ಡಿ ರಾತ್ರಿಯಿಡೀ ಕರೆ ಮಾಡಿ ಸೋಲುತ್ತಿತ್ತು. 03340001.ಎಚ್‌ಎಲ್‌ಒ ಎಂದು ಮಾಡಿದ ಮೇಲೆ, ಅಂಚೆ ಕಚೇರಿಗೆ ತಾನೇ ಬಂದು ಕಾಗದ ಒಯ್ಯುವವನಂತೆ, ಅವನ ಯಂತ್ರವೇ ಕರೆ ಮಾಡಿ ತೆಗೆದುಕೊಂಡು ಹೋಗುತ್ತದೆ.

ಆ ಪಟ್ಟಿಯೊಳಗೆ ಸಾಲಿಗೊಂದು ಕಡತದ ಪೂರ್ತಿ ದಾರಿ ಇರುತ್ತದೆ. ಸಾಲಿನ ಮೊದಲಿಗೆ ^ ಇದ್ದರೆ ಕಳುಹಿಸಿದ ಮೇಲೆ ಅಳಿಸು ಎಂದರ್ಥ. # ಇದ್ದರೆ ಅಳಿಸದೆ ಸೊನ್ನೆ ಬೈಟಿಗೆ ಇಳಿಸು. ಈ ಎರಡನೆಯದು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಕಟ್ಟುಗಳ ಎಕ್ಸ್‌ಟೆನ್ಶನ್ ವಾರದ ದಿನದ ಇಂಗ್ಲಿಷ್ ಹೆಸರಿನ ಎರಡು ಅಕ್ಷರ ಮತ್ತು ಒಂದು ಅಂಕೆಯಿಂದ ಆಗುತ್ತದೆ. ಸೋಮವಾರದ ಮೊದಲ ಕಟ್ಟು ಎಂಒ0, ಮುಂದಿನದು ಎಂಒ1. ಖಾಲಿ ಕಡತ ಅಲ್ಲೇ ಉಳಿದಿದ್ದರೆ ಟಾಸರ್ ಅದನ್ನು ಕಂಡು ಮುಂದಿನ ಅಂಕೆಗೆ ಹೋಗುತ್ತದೆ, ಒಂದೇ ದಿನ ಒಂದೇ ಹೆಸರಿನ ಎರಡು ಕಟ್ಟು ಆಚೆಯವರಿಗೆ ಹೋಗುವುದಿಲ್ಲ.

ನಾನು ಚೆನ್ನಾಗಿ ಎಡವಿದ್ದು ಎಫ್‌ಎಸ್‌ಎಕ್ಸ್‌ನೆಟ್ ಎಂಬ ಇನ್ನೊಂದು ಹವ್ಯಾಸಿ ಜಾಲ ಸೇರಿದಾಗ. ಅದರ ವಲಯ 21, ನಾನು ಕರೆ ಮಾಡಬೇಕಿದ್ದ ಹಬ್, ಅಂದರೆ ಟಪಾಲು ಹಂಚುವ ಕೇಂದ್ರ, 21:1/100. ನಮ್ಮ 77ನೇ ವಲಯಕ್ಕೆ ಬರಿಯ 'ಔಟ್‌ಬೌಂಡ್' ಸಾಕು, ಬೇರೆ ವಲಯಕ್ಕೆ ಫೋಲ್ಡರಿನ ಹೆಸರಿಗೆ ವಲಯದ ಸಂಖ್ಯೆ ಅಂಟಿಕೊಳ್ಳುತ್ತದೆ. ಖಾಲಿ ಫ್ಲೋ ಕಡತವೊಂದನ್ನು ಸೃಷ್ಟಿಸಿದರೆ ಸಾಕು, ಮೇಲರ್ ಆ ನೋಡಿಗೆ ಕರೆ ಮಾಡುತ್ತದೆ ಎಂದು ಓದಿ, ಔಟ್‌ಬೌಂಡ್.021ರೊಳಗೆ 00010100.ಸಿಎಲ್‌ಒ ಸೃಷ್ಟಿಸುವ ಸ್ಕ್ರಿಪ್ಟ್ ಬರೆದೆ. ಕರೆಯೂ ಇಲ್ಲ, ದೋಷದ ಸಂದೇಶವೂ ಇಲ್ಲ. ಎರಡು ಸಂಜೆ ಪಾಸ್‌ವರ್ಡ್, ಫೈರ್‌ವಾಲ್ ಎಂದೆಲ್ಲ ಕೆದಕಿದ ಮೇಲೆ ಹೊಳೆಯಿತು: ಹೆಕ್ಸಾದಲ್ಲಿ 021 ಎಂದರೆ ವಲಯ 33, 0100 ಎಂದರೆ ನೋಡ್ 256. ಪಾಪ, ಆ ವಿಳಾಸ ನನ್ನ ಸಂರಚನೆಯಲ್ಲೇ ಇಲ್ಲದಿದ್ದರಿಂದ ಬಿಂಕ್‌ಡಿ ಸುಮ್ಮನೆ ಕೂತಿತ್ತು. ಬೇಕಿದ್ದುದು ಔಟ್‌ಬೌಂಡ್.015ರೊಳಗೆ 00010064.ಸಿಎಲ್‌ಒ. 820 ಅನ್ನು 334 ಮಾಡಿದ್ದ ನಾನೇ ಸಣ್ಣ ಸಂಖ್ಯೆಗಳನ್ನು ಕಂಡು ಮೈಮರೆತಿದ್ದೆ.

ಇನ್ನೊಂದು ತೊಂದರೆ ಮಳೆಗಾಲದ್ದು. ಒಂದು ನೋಡಿನ ಕಡತಗಳನ್ನು ಮುಟ್ಟುವ ಮೊದಲು ಟಾಸರ್ ಆಗಲಿ ಮೇಲರ್ ಆಗಲಿ ಅದೇ ಹೆಸರಿನ ಬಿಎಸ್‌ವೈ ಕಡತ ಸೃಷ್ಟಿಸಬೇಕು, ಮುಗಿದ ಮೇಲೆ ಅಳಿಸಬೇಕು. ಅದು ಬಾಗಿಲಿಗೆ ಹಾಕಿದ ಚಿಲಕವಿದ್ದಂತೆ. ಜುಲೈಯ ಒಂದು ರಾತ್ರಿ ಎಚ್‌ಪಿಟಿ ಕಟ್ಟು ಕಟ್ಟುತ್ತಿದ್ದಾಗಲೇ ಕರೆಂಟು ಹೋಯಿತು. ಯಂತ್ರ ಮತ್ತೆ ಎದ್ದಿತು, ಆದರೆ 03340001.ಬಿಎಸ್‌ವೈ ಹಾಗೆಯೇ ಉಳಿದಿತ್ತು. ಮೂರು ದಿನ ಗೆಳೆಯನ ಯಂತ್ರ ಕರೆ ಮಾಡಿದಾಗಲೆಲ್ಲ ನನ್ನದು 'ಬ್ಯುಸಿ' ಎಂದು ಹೇಳಿ ಕಳಿಸಿತು. ಕೊನೆಗೆ ಅವನು ಫೋನ್ ಮಾಡಿ ಬೈದ. ಇಷ್ಟು ಗಂಟೆ ಮೀರಿದ ಬಿಎಸ್‌ವೈಗಳನ್ನು ಅಳಿಸು ಎಂಬ ಆಯ್ಕೆ ಬಿಂಕ್‌ಡಿಯಲ್ಲೇ ಇದೆ, ಅದನ್ನು 12 ಗಂಟೆಗೆ ಇಟ್ಟಿದ್ದೇನೆ. ಆದರೆ ಕರಾವಳಿಯ ಮಳೆಗಾಲದಲ್ಲಿ ಅಷ್ಟು ಕಾಯುವ ವ್ಯವಧಾನ ನನಗಿಲ್ಲ. ಯಂತ್ರ ಎದ್ದೊಡನೆ, ಟಾಸರ್ ಮತ್ತು ಮೇಲರ್ ಎರಡೂ ಶುರುವಾಗುವ ಮೊದಲೇ, ಎಲ್ಲ ಔಟ್‌ಬೌಂಡ್ ಫೋಲ್ಡರುಗಳಲ್ಲಿರುವ ಬಿಎಸ್‌ವೈಗಳನ್ನು ಅಳಿಸುವ ಒಂದು ಸಾಲನ್ನು ಸೇರಿಸಿದೆ. ಆ ಹೊತ್ತಿಗೆ ಯಾರೂ ಒಳಗಿರುವುದಿಲ್ಲವಾದ್ದರಿಂದ ಚಿಲಕ ತೆಗೆದರೆ ಅಪಾಯವಿಲ್ಲ.